ವಾರ್ಡಿಗೆ ಬಂದ ಹೊಸ ಫಿಸಿಯೋ
ಚಿಕ್ಕಜಾಜೂರಿನ ಚೇತನ್‌ಕುಮಾರ್ ಫಿಸಿಯೋಥೆರಪಿ ವಿದ್ಯಾರ್ಥಿ. ಚಿತ್ರದುರ್ಗದ ಒಂದು ಆಸ್ಪತ್ರೆಗೆ ತರಬೇತಿಗೆ ಬಂದು ಇನ್ನೂ ತಿಂಗಳಾಗಿಲ್ಲ, ಆದರೆ ವಾರ್ಡಿನಲ್ಲಿ ನಡೆಯುವುದು ನಿವೃತ್ತಿಗೆ ಬಂದ ದೊಡ್ಡ ಡಾಕ್ಟರರ ಹಾಗೆ. ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಏನೂ ತಿಳಿಯದಿದ್ದರೂ, "ಹೂಂ, ನಾನು ಅಂದ್ಕೊಂಡಂಗೇ ಐತೆ" ಎನ್ನುತ್ತಾನೆ. ರೋಗಿಯ ಹೆಸರನ್ನು ಮಾತ್ರ ಕೇಳುವುದಿಲ್ಲ. ಕೇಳಿದರೆ ಹೊಸಬನೆಂದು ಗೊತ್ತಾಗಿಬಿಡುತ್ತದೆ ಎಂಬ ಅಂಜಿಕೆ. ಹೀಗಾಗಿಯೇ ಮೊನ್ನೆ, ಮಂಡಿಯ ಆಪರೇಷನ್ ಆದವರ ಮಂಚದ ಮೇಲೆ ಕೂತಿದ್ದ ಧರ್ಮಪುರದ ಕಡೆಯ ಕುರಿಗಾಹಿ ಪಾಲಯ್ಯನನ್ನು ಮಲಗಿಸಿ, "ನೋವೈತಾ? ಇರ್ಲಿ, ಕಾಲೆತ್ರಿ, ಇಳಿಸ್ರಿ" ಎಂದು ಬೆವರು ಬರುವವರೆಗೆ ಒಂದು ಕಾಲಿನ ವ್ಯಾಯಾಮ ಮಾಡಿಸಿದ. ಪಾಲಯ್ಯ ತುಟಿಪಿಟಕ್ಕೆನ್ನದೆ ಮಾಡಿದ. ಅಷ್ಟರಲ್ಲಿ ನರ್ಸಿನ ಹೆಗಲು ಹಿಡಿದು ಶೌಚಾಲಯದಿಂದ ಬಂದ ಅವನ ಹೆಂಡತಿ ಮಲ್ಲಕ್ಕ, "ಇದೇನಪ್ಪ, ಆಪರೇಷನ್ ಆಗಿರೋದು ನಂಗೆ, ಕಾಲೆತ್ತೋದು ಇವ್ರಾ?" ಎಂದಳು. ವಾರ್ಡಿಗೆ ವಾರ್ಡೇ ನಕ್ಕಿತು. ಚೇತನ್‌ಕುಮಾರ್ ಕಿವಿಯವರೆಗೂ ಕೆಂಪಾದ. "ನೀವಾದ್ರೂ ಮೊದ್ಲೇ ಹೇಳಬಾರದಿತ್ತಾ?" ಎಂದು ತಗ್ಗಿದ ದನಿಯಲ್ಲಿ ಕೇಳಿದ. ಪಾಲಯ್ಯ ಪಂಚೆ ಸರಿಮಾಡಿಕೊಂಡು ಹೇಳಿದ: "ಕುರಿ ಹಿಂದೆ ನಡೆದೂ ನಡೆದೂ ನನ್ನ ಮಂಡಿನೂ ಸವೆದು ಹೋಗ್ಯಾವೆ ಕಣಪ್ಪ. ನೋವೈತಾ ಅಂತ ಕೇಳಿದೋನು ನೀನೇ ಮೊದಲು. ಅದಕ್ಕೇ ಸುಮ್ನಿದ್ದೆ." ನಗು ಅಲ್ಲಿಗೇ ನಿಂತಿತು. ಮಲ್ಲಕ್ಕ ಗಂಡನ ಮುಖ ನೋಡಿದಳು. ಆಮೇಲೆ ಮಂಚದತ್ತ ಹೋಗದೆ ಪಕ್ಕದ ಕುರ್ಚಿಯಲ್ಲಿ ಮೆಲ್ಲಗೆ ಕೂತು, "ಹಂಗಾರೆ ಇವ್ರ ಇನ್ನೊಂದು ಕಾಲೂ ನೋಡಪ್ಪ. ನಾನು ಇಲ್ಲೇ ಕುಂತಿರ್ತೀನಿ" ಎಂದಳು.