ಸಿಫಾಕಾವನ್ನು ಟಗರಿನಂತೆ ಹಿಡಿದದ್ದು

ನನ್ನ ತೊಡೆಗೆ ಒರಗಿ ಕೂತಿದ್ದ ಪ್ರಾಣಿಗೆ ನಾಯಿಯ ಮೂತಿ, ಕೋತಿಯ ಕೈ, ಅರಳೆಯಂಥ ಬಿಳಿ ಮೈ. ಅದರ ವೃಷಣಕ್ಕೆ ಕ್ಯಾಲಿಪರ್ ಹಿಡಿದು, ಉದ್ದ ಎಷ್ಟು, ಅಗಲ ಎಷ್ಟು ಎಂದು ನಾನು ಪಂಚಾಂಗ ಓದುವವರಂತೆ ಗಂಭೀರವಾಗಿ ಹೇಳುತ್ತಿದ್ದೆ. ಬ್ಯಾಡಗಿಯ ಪಶು ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಕಂಪೌಂಡರಾಗಿ ಟಗರು, ಹೋರಿಗಳ ಇದೇ ಭಾಗದ ಸೇವೆ ಮಾಡಿ ನಿವೃತ್ತನಾದವನಿಗೆ ಮಡಗಾಸ್ಕರ್ ದ್ವೀಪ ದಯಪಾಲಿಸಿದ ಮರುನೇಮಕ ಇದು.

ಕರೆತಂದವರು ರಾಣೆಬೆನ್ನೂರಿನ ಡಾಕ್ಟರಮ್ಮ. ಸಿಫಾಕಾ ಎಂಬ ಈ ಲೀಮರ್‌ಗಳಲ್ಲಿ ಹೆಣ್ಣೂ ಗಂಡೂ ಹೆಚ್ಚುಕಡಿಮೆ ಒಂದೇ ಗಾತ್ರ, ಯಜಮಾನಿಕೆ ಹೆಣ್ಣಿನದು. ಬೆದೆಯ ಕಾಲಕ್ಕೆ ಗಂಡಿನ ವೃಷಣ ಉಬ್ಬುತ್ತದೆ. ಮೈತೂಕಕ್ಕೂ ಅದಕ್ಕೂ ಏನು ನಂಟು ಎಂಬುದು ಅವರ ಸಂಶೋಧನೆಯ ಪ್ರಶ್ನೆ. ನಮ್ಮ ಕುರಿ ಸಂತೆಯಲ್ಲಿ ಇಂಥದ್ದನ್ನು ಬರಿಗೈಯಲ್ಲೇ ಬಗೆಹರಿಸುತ್ತಾರೆ. ಇಲ್ಲಿ ಅರಿವಳಿಕೆಯ ಬಾಣ, ತಕ್ಕಡಿ, ಮೂರು ವಹಿ.

ವಾಸ ಡೇರೆಯಲ್ಲಿ. ಮೂರು ಹೊತ್ತೂ 'ವಾರಿ', ಅಂದರೆ ಅನ್ನ. ಖಾರವನ್ನು ಬೇರೆ ಬಟ್ಟಲಲ್ಲಿ, ಔಷಧದಂತೆ ದೂರವಿಡುತ್ತಾರೆ. ಬ್ಯಾಡಗಿಯವನು ಇದನ್ನು ಮೌನವಾಗಿ ಸಹಿಸಿದ್ದಾನೆ.

ಟಗರನ್ನು ಅಳೆಯುವಾಗ ನಾವು ಕುಂಡೆಯ ಮೇಲೆ ಕೂರಿಸಿ, ಗದ್ದವನ್ನು ಎದೆಗೆ ಒತ್ತಿ ಹಿಡಿಯುತ್ತೇವೆ. ಎಚ್ಚರವಿರುವ ಟಗರು ತನ್ನ ಉಸಿರು ತಾನೇ ನೋಡಿಕೊಳ್ಳುತ್ತದೆ. ನನ್ನ ಕೈ ಅಭ್ಯಾಸಬಲದಿಂದ ಮತ್ತಿನಲ್ಲಿದ್ದ ಇದನ್ನೂ ಹಾಗೆಯೇ ಹಿಡಿದಿತ್ತು.

"ಕಾಕಾ, ಎದಿ ಆಡವಲ್ದಲ್ರೀ," ಎಂದರು ಡಾಕ್ಟರಮ್ಮ.

ಸಿಫಾಕಾ ತಮ್ಮ ಕುಲದ ನೆಂಟ, ಅದನ್ನು ಕೊಲ್ಲುವುದು 'ಫಾದಿ', ಹಿರಿಯರು ಹಾಕಿದ ನಿಷೇಧ ಎಂದು ನಮಗೆ ದಾರಿ ತೋರಿಸುವ ಇಲ್ಲಿನವ ರಿವೊ ಮೊದಲ ದಿನವೇ ತಿಳಿಸಿದ್ದ. ಈಗ ಅವನು ಟೋಪಿ ತೆಗೆದ. ಬೈದಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

ಕತ್ತು ನೆಟ್ಟಗೆ ಮಾಡಿ, ನಾಲಗೆ ಹೊರಗೆಳೆದು, ಆಗಷ್ಟೇ ಹುಟ್ಟಿದ ಕುರಿಮರಿಗೆ ಮಾಡುವಂತೆ ಪಕ್ಕೆ ತಿಕ್ಕಿದೆ. "ಉಸರ ತಗೋಪಾ ತಮ್ಮಾ, ಮಾನ ಕಳೀಬ್ಯಾಡ," ಎಂದು ಬೇಡಿಕೊಂಡೆ. ಅದು ಸೀನಿತು. ಕನ್ನಡ ತಿಳಿಯಿತೆಂದು ನಾನು ವಾದಿಸುವುದಿಲ್ಲ.

ತಪ್ಪು ನನ್ನದೇ ಎಂದು ಇಬ್ಬರೆದುರೂ ಒಪ್ಪಿಕೊಂಡೆ. ಸಂಜೆ ಬಿಟ್ಟಾಗ ಅದು ಮರವೇರಿತು. ಗುಂಪಿನ ಹೆಣ್ಣು ಕಪಾಳಕ್ಕೆ ಬಿಗಿದು ತುದಿಯ ಟೊಂಗೆಗೆ ಅಟ್ಟಿತು. ಈ ಗಂಡು ಹೋದ ವರ್ಷ ಹೊಳೆಯಾಚೆಯಿಂದ ಬಂದದ್ದು, ಗುಂಪು ಇನ್ನೂ ಒಳಗೆ ಸೇರಿಸಿಕೊಂಡಿಲ್ಲ ಎಂದ ರಿವೊ.

ಫೋನಿನಲ್ಲಿ ಎಲ್ಲ ಕೇಳಿದ ಹೆಂಡತಿ, "ಸಾಕ ಮಾಡಿ ಬಂದ್ಬಿಡ್ರಿ," ಎಂದಳು.

"ಬರ್ತೇನಿ. ನಾಳೆ ಒಮ್ಮೆ ಅಂವನ್ನ ನೋಡಿ ಬರ್ತೇನಿ," ಎಂದೆ.

ಮರುದಿನ ಹೋಗಿ ನೋಡಿದೆ. ಅದರ ಮರುದಿನವೂ. ಅರಿವಳಿಕೆಯ ಪೆಟ್ಟು ತಡವಾಗಿ ಹೊರಬಿದ್ದೀತೆಂಬ ಭಯ ಬಿಡಲಿಲ್ಲ. ಈಗ ದಿನಾ ಬೆಳಿಗ್ಗೆ ಅದರ ಪಕ್ಕೆ ಏರಿಳಿಯುವುದನ್ನು ಎಣಿಸಿದ ಮೇಲೆಯೇ ವಾರಿ ಗಂಟಲಿಗಿಳಿಯುತ್ತದೆ. ಯಾವಾಗ ಬರುತ್ತೀರಿ ಎಂದು ಹೆಂಡತಿ ಈಚೆಗೆ ಕೇಳುವುದನ್ನೇ ಬಿಟ್ಟಿದ್ದಾಳೆ.

"ಅಂವಾ ಆರಾಮ ಅದಾನಿಲ್ರಿ?" ಎನ್ನುತ್ತಾಳೆ.