ಉಷ್ಣ ಅಂದುಕೊಂಡದ್ದು

ಟಾಯ್ಲೆಟ್ಟಿನ ಬಿಳಿ ಪಿಂಗಾಣಿಯ ಮೇಲೆ ರಕ್ತ ಇತ್ತು. ಅಣ್ಣ ಆಗಷ್ಟೇ ಹೊರಗೆ ಬಂದಿದ್ದ. ನಾನು ಮೂಗು ಮುಚ್ಚಿಕೊಂಡೆ.

"ಮನೇಲಿ ಹೆಂಗಸ್ರು ಮಕ್ಳು ಇದಾರೆ. ಇನ್ನೊಂದು ಚೊಂಬು ನೀರು ಹಾಕೋಕೆ ಏನಣ್ಣ ಕಷ್ಟ ನಿಂಗೆ?" ಅಂದೆ.

ಅಣ್ಣ ಮತ್ತೆ ಒಳಗೆ ಹೋಗಿ ಫಿನಾಯಿಲ್ ಹಾಕಿ ತೊಳೆದ.

ಅವನಿಗೆ ಮದುವೆಯಾಗಿಲ್ಲ. ಬಾಪೂಜಿ ನಗರದ ಎರಡು ರೂಮಿನ ಮನೆಯಲ್ಲಿ ನಮ್ಮ ಜೊತೆಗೇ ಇದ್ದಾನೆ. ರಕ್ತ ಯಾಕೆ ಬಂತು ಅಂತ ನಾನು ಕೇಳಲಿಲ್ಲ. ಉಷ್ಣ ಇರಬೇಕು ಅಂದುಕೊಂಡೆ. ನಮ್ಮಲ್ಲಿ ಬಾಯಿ ಹುಣ್ಣಾದರೂ ಉಷ್ಣ, ಕಣ್ಣು ಉರಿದರೂ ಉಷ್ಣ. ನನ್ನ ಹೆಂಡತಿ ಕಾಮಕಸ್ತೂರಿ ಬೀಜ ನೆನೆಸಿ ಕೊಟ್ಟಳು. ಆಮೇಲೆ ರಕ್ತ ಕಾಣಲಿಲ್ಲ. ಮೈಗೆ ತಂಪಾಯಿತು ಅಂತ ಸುಮ್ಮನಾದೆ.

ಅವನು ನಮ್ಮ ಟಾಯ್ಲೆಟ್ಟಿಗೆ ಹೋಗುವುದನ್ನೇ ಬಿಟ್ಟಿದ್ದ.

ಮೈಸೂರು ರಸ್ತೆಯ ಪಬ್ಲಿಕ್ ಟಾಯ್ಲೆಟ್ಟಿಗೆ ನಡೆದುಕೊಂಡು ಹೋಗುತ್ತಿದ್ದನಂತೆ. ಇದು ಗೊತ್ತಾದದ್ದು ತಿಂಗಳುಗಳ ಮೇಲೆ, ಅವನು ವೆಲ್ಡಿಂಗ್ ಶಾಪಿನಲ್ಲಿ ತಲೆಸುತ್ತಿ ಬಿದ್ದಾಗ. ಯಾಕೆ ಯಾರಿಗೂ ಹೇಳಲಿಲ್ಲ ಎಂದು ಡಾಕ್ಟರ್ ಕೇಳಿದರು. ಅಣ್ಣ ನನ್ನ ಕಡೆ ನೋಡಲಿಲ್ಲ.

"ನಾಚಿಕೆ ಸಾರ್," ಅಂದ.

ಕ್ಯಾನ್ಸರ್.

ಆಪರೇಷನ್ ಮಾಡಿ ಹಿಂದಿನ ದಾರಿ ಮುಚ್ಚಿದರು. ಹೊಟ್ಟೆಯ ಎಡಕ್ಕೆ ಬೇರೆ ದಾರಿ. ಅದಕ್ಕೆ ಸ್ಟೋಮಾ ಅನ್ನುತ್ತಾರೆ. ಕೆಂಪಗೆ, ಒದ್ದೆಯಾಗಿ ಹೊರಗೆ ಉಬ್ಬಿರುತ್ತದೆ. ಅದರ ಮೇಲೆ ಅಂಟಿಸಿದ ಬ್ಯಾಗಿಗೆ ಮಲ ಬಂದು ಬೀಳುತ್ತದೆ, ಊಟಕ್ಕೆ ಕೂತಾಗಲೂ. ಬೇಗ ಬಂದಿದ್ದರೆ ಇದು ತಪ್ಪುತ್ತಿತ್ತೇನೋ ಎಂದರು ಡಾಕ್ಟರ್.

ಮನೆಗೆ ಬಂದ ವಾರದಲ್ಲೇ ಬ್ಯಾಗ್ ಕಿತ್ತುಕೊಂಡಿತು. ಪಂಚೆ, ಹಾಸಿಗೆ, ಕೈ, ಎಲ್ಲ ಹೊಲಸು. ಹೊಸದನ್ನು ಅಂಟಿಸಿಕೊಳ್ಳಲು ಅವನೊಬ್ಬನಿಗೆ ಆಗಲಿಲ್ಲ. ನಾನು ಬಕೆಟ್ ಹಿಡಿದು ಕೂತೆ. ವಾಸನೆಗೆ ವಾಂತಿ ಬಂತು. ಬಚ್ಚಲಲ್ಲಿ ಕಕ್ಕಿ ಬಂದು ಹೊಸ ಬ್ಯಾಗ್ ನಾನೇ ಅಂಟಿಸಿದೆ. ಅಣ್ಣನ ಮೈಯಿಂದ ಬಂದದ್ದಕ್ಕಿಂತ, ಅದಕ್ಕೆ ಹೇಸಿ ಅವನ ಬಾಯಿ ಮುಚ್ಚಿಸಿದ್ದ ನನ್ನ ನಾಲಿಗೆಯೇ ಹೆಚ್ಚು ಹೊಲಸು ಅನ್ನಿಸಿತು. ಅವತ್ತು ನಾನು ಹಾಗೆ ಅನ್ನಬಾರದಿತ್ತು ಎಂದು ಹೇಳಿಬಿಟ್ಟೆ.

"ನಂಗೂ ಅಸಹ್ಯನೇ ಕಣೋ," ಅಂದ. "ಮೂಗು ಮುಚ್ಕೊ, ವಾಂತಿ ಮಾಡ್ಕೊ. ಎದ್ದು ಮಾತ್ರ ಹೋಗ್ಬೇಡ."

ಅಣ್ಣ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಳುತ್ತಲೇ, ಬ್ಯಾಗ್ ಸೊಟ್ಟಗೆ ಅಂಟಿಸಿದ್ದೀಯ ಎಂದು ಬೈದ.

ಈಗ ಕೀಮೋ ನಡೆಯುತ್ತಿದೆ. ಆ ವಾಸನೆಗೆ ಒಗ್ಗಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಕ್ಷಮಿಸಿದೆ ಎಂದು ಅವನು ಹೇಳಿಲ್ಲ. ನಾನೂ ಕೇಳಿಲ್ಲ. ಆದರೆ ನಿನ್ನೆ ಬೆಳಿಗ್ಗೆ ಒಳಗಿನಿಂದ ಕೂಗಿದ.

"ಲೋ, ಬಾರೋ ಇಲ್ಲಿ. ಬ್ಯಾಗಲ್ಲಿ ಯಾಕೋ ಕೆಂಪಗಿದೆ, ನೋಡು."

ಓಡಿದೆ. ಬಗ್ಗಿ ಹತ್ತಿರದಿಂದ ನೋಡಿದೆ.

ಹಿಂದಿನ ದಿನದ ಬೀಟ್‌ರೂಟ್ ಪಲ್ಯ.