ಸಂಚಿಯೊಳಗಿನ ಮಡಿಕೆ

ನನ್ನ ಅವ್ವನ ಎಲೆಸಂಚಿಗೆ ಮೂರು ಖಾನೆಗಳು. ಒಂದರಲ್ಲಿ ಒದ್ದೆ ಬಟ್ಟೆ ಸುತ್ತಿದ ಸವಣೂರಿನ ಎಲೆ, ಇನ್ನೊಂದರಲ್ಲಿ ಅಡಿಕೆ ಮತ್ತು ಸುಣ್ಣದ ಡಬ್ಬಿ, ಮೂರನೆಯದರಲ್ಲಿ ಅವಳ ಅಕ್ಕ. ಅಕ್ಕನೆಂದರೆ ನನ್ನ ದೊಡ್ಡವ್ವ ನೀಲವ್ವ, ಹಿರೇಕೆರೂರಿಗೆ ಮದುವೆಯಾಗಿ ಹೋಗಿ, ನಾನು ಹುಟ್ಟುವ ಮೊದಲೇ ತೀರಿಕೊಂಡವಳು. ಅಂಗೈಯಗಲದ ಕಪ್ಪು ಬಿಳುಪು ಫೋಟೋವೊಂದರಲ್ಲಿ ಅಕ್ಕತಂಗಿಯರಿಬ್ಬರೂ ಪರಕಾರ ಪೋಲಕ ತೊಟ್ಟು ನಿಂತಿದ್ದರು; ಎತ್ತರ ಸರಿದೂಗಲೆಂದು ಸವಣೂರಿನ ಸ್ಟುಡಿಯೋದವನು ಅವ್ವನನ್ನು ಮಣೆಯ ಮೇಲೆ ಹತ್ತಿಸಿದ್ದನಂತೆ. ಇಬ್ಬರ ನಡುವೆ ಒಂದು ಗೇಣು ಜಾಗ. ಆ ಜಾಗದ ನಟ್ಟನಡುವೆ, ಮಡಚಿ ಮಡಚಿ ಬಿಳಿಚಿಕೊಂಡ ಒಂದು ಗೆರೆ.

ನನಗೆ ಆ ಗೆರೆಯನ್ನು ಕಂಡರೆ ಆಗುತ್ತಿರಲಿಲ್ಲ. ಮೂವತ್ತು ವರ್ಷ ಹಾನಗಲ್ಲಿನ ಶಾಲೆಯಲ್ಲಿ ಮಕ್ಕಳು ಬರೆಯುವ ಪಟ್ಟಿಯ ಮೇಲಿನ ಮಸಿಯ ಕಲೆಗಳೊಂದಿಗೆ ಗುದ್ದಾಡಿದವಳು ನಾನು. ಮನೆಯಲ್ಲಿ ಕುಂತವರ ಕೈಯಿಂದ ಚಹಾದ ಕಪ್ಪು ಕಸಿದುಕೊಂಡು ತೊಳೆದಿಡುವ ಜಾತಿ. ಹೀಗಿರುವಾಗ ನಿವೃತ್ತಿಯಾದ ಮೇಲೆ ಕೈಗೆ ಬಂದ ಹೊಸ ಮೊಬೈಲು ನನಗೊಂದು ವಿಚಿತ್ರ ಚಟವನ್ನು ಅಂಟಿಸಿತು. ಹಳೆಯ ಫೋಟೋಗಳನ್ನು ತಿಕ್ಕಿ ಹೊಸತು ಮಾಡುವುದು, ಹೊಸ ಫೋಟೋಗಳಿಗೆ ಮುಪ್ಪು ಬರಿಸುವುದು. ಇದ್ದದ್ದನ್ನು ಇದ್ದ ಹಾಗೆ ಬಿಡುವುದು ನನ್ನ ಹಣೆಯಲ್ಲಿ ಬರೆದಿಲ್ಲ.

ನಗಬೇಡಿ, ನೀವೂ ಮಾಡಿರುತ್ತೀರಿ. ಶಿಗ್ಗಾವಿಯಲ್ಲಿ ತಮ್ಮನ ಮಗಳ ಮದುವೆಯಾದ ಮಾರನೆಯ ದಿನವೇ ನಾನು ಅವಳ ಅಕ್ಷತೆಯ ಫೋಟೋಕ್ಕೆ ನಲವತ್ತು ವರ್ಷ ವಯಸ್ಸು ಕೊಟ್ಟಿದ್ದೆ. ಮೊದಲು ಬಣ್ಣವನ್ನು ಸ್ವಲ್ಪ ಹಳದಿಗೆ ತಿರುಗಿಸಬೇಕು, ಆಮೇಲೆ ಫಿಲ್ಮಿನ ಕಾಲದ ಸಣ್ಣ ಸಣ್ಣ ಕಾಳುಗಳನ್ನು ಉದುರಿಸಬೇಕು, ರೀಲಿನ ಡಬ್ಬಿಯೊಳಗೆ ಬೆಳಕು ನುಗ್ಗಿದಾಗ ಅಂಚಿನಲ್ಲಿ ಹರಡುತ್ತಿದ್ದ ಕಿತ್ತಳೆಯ ಕೆಂಪನ್ನು ಒಂದು ಮೂಲೆಗೆ ಬಳಿಯಬೇಕು, ಕೊನೆಗೆ ನಾಲ್ಕು ಗೀರು. ಎಲ್ಲವೂ ಬೆರಳ ತುದಿಯಲ್ಲಿ, ಉಪ್ಪು ಖಾರ ಹಾಕಿದಂತೆ. ಮದುಮಗಳಿಗೆ ಆ ಫೋಟೋ ಎಷ್ಟು ಹಿಡಿಸಿತೆಂದರೆ ಅದನ್ನೇ ಕಟ್ಟು ಹಾಕಿಸಲು ಕೊಟ್ಟಳು.

ಅದನ್ನು ಅಚ್ಚು ಹಾಕಿಸಲು ಹೋದಾಗ ನಮ್ಮೂರಿನ ಸ್ಟುಡಿಯೋದ ಖಾದರ್ ಸಾಬರು ಕನ್ನಡಕ ಹಣೆಗೇರಿಸಿ ನಕ್ಕರು. ಅವರು ಹರೆಯದಲ್ಲಿ ಕೂದಲೆಳೆಯಂಥ ಕುಂಚಕ್ಕೆ ಮಸಿ ಅದ್ದಿ ಫೋಟೋದ ಮೇಲಿನ ಒಂದೊಂದೇ ಧೂಳಿನ ಚುಕ್ಕೆಯನ್ನು ಉಸಿರು ಬಿಗಿಹಿಡಿದು ಮುಚ್ಚುತ್ತಿದ್ದವರು. "ಅಕ್ಕಾರ, ಅರ್ಧ ಆಯುಷ್ಯ ಕಲೆ ಅಳಸೂದರಾಗ ಕಳದೇನ್ರಿ. ಈಗ ನೀವು ಬೇಕಂತಽ ಕಲೆ ಹಚ್ಚಿಕೊಂಡು ಬರ್ತೀರಿ" ಎಂದರು. ನಾನೂ ನಕ್ಕೆ.

ಈ ಭರದಲ್ಲೇ ಒಂದು ಮಧ್ಯಾಹ್ನ ಅವ್ವನ ಸಂಚಿಯಿಂದ ಆ ಫೋಟೋ ತೆಗೆದು, ಮೊಬೈಲಿನಲ್ಲಿ ಅದರ ಚಿತ್ರ ಹಿಡಿದು, ಶುಚಿ ಮಾಡಲು ಕುಳಿತೆ. ಎಲೆಯ ಹಸಿರು ಕಲೆ ಹೋಯಿತು, ಸುಣ್ಣದ ಬಿಳಿ ಮಚ್ಚೆ ಹೋಯಿತು, ನಡುವಿನ ಗೆರೆಯಂತೂ ಹುಟ್ಟಿರಲೇ ಇಲ್ಲವೆಂಬಂತೆ ಹೋಯಿತು. ಮೊಬೈಲಿನಲ್ಲಿ ಜಾಗ ಸಾಲದೆಂದು ಕಲೆಯಿದ್ದ ಚಿತ್ರವನ್ನು ಅಳಿಸಿಯೂ ಬಿಟ್ಟೆ. ತೋರಿಸಿದಾಗ ಅವ್ವ "ಚಲೋ ಆಗೇತಿ" ಎಂದಳು. ಎಂದವಳೇ ತನ್ನ ಹಳೆಯ ಫೋಟೋವನ್ನು ಮಡಚಿ ಸಂಚಿಗೆ ಸೇರಿಸಿಕೊಂಡಳು. ಆಗಲಾದರೂ ನನಗೆ ತಿಳಿಯಬೇಕಿತ್ತು.

ಎರಡು ತಿಂಗಳಾಗಿರಬೇಕು. ಸಂಚಿ ಕೊಳೆಯಾಗಿದೆಯೆಂದು ಕಂಡದ್ದೇ ತಡ, ಎಲೆ ಅಡಿಕೆ ಡಬ್ಬಿಗಳನ್ನು ಹೊರಗೆ ಸುರುವಿ ಅದನ್ನು ಬಟ್ಟೆಯ ಜೊತೆ ಮಷಿನ್ನಿಗೆ ಹಾಕಿದೆ. ಮೂರನೆಯ ಖಾನೆಗೆ ಕೈ ಹಾಕಿ ನೋಡಲಿಲ್ಲ. ಒಣಗಹಾಕುವಾಗ ಅದರೊಳಗಿಂದ ಒಂದು ಹಿಡಿ ಕಾಗದದ ಮುದ್ದೆ ಬಂತು. ಅವ್ವ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿದ್ದೆ. ಒಣಗಿದ ಸಂಚಿಯನ್ನು ಮಡಿಲಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕುಳಿತಳು, ಮತ್ತು ಅವತ್ತಿನಿಂದ ಎಲೆ ಹಾಕುವುದನ್ನು ಬಿಟ್ಟಳು. ಎಂಬತ್ತರ ಹತ್ತಿರದ ಜೀವ, ಊಟ ಬಿಟ್ಟರೂ ಎಲೆ ಬಿಟ್ಟವಳಲ್ಲ. ನನಗೆ ಅಳು ಬಂತು.

ನನ್ನ ಬಳಿ ಉಳಿದದ್ದು ಆ ಶುಚಿಯಾದ ಚಿತ್ರವೊಂದೇ. ಅದನ್ನು ಮತ್ತೆ ಹಳತು ಮಾಡಲು ಕುಳಿತೆ. ಮೊಬೈಲಿನಲ್ಲಿ ಬಗೆಬಗೆಯ ಕಾಗದಗಳ ಮೈಗಳೇ ಸಿಗುತ್ತವೆ: ಸುಕ್ಕಾದದ್ದು, ನೆನೆದು ಒಣಗಿದ್ದು, ಅಂಚು ಸುಟ್ಟದ್ದು, ಮಡಚಿ ಬಿಡಿಸಿದ್ದು. ಯಾವುದೋ ಊರಿನಲ್ಲಿ ಯಾರೋ ಯಾತಕ್ಕೋ ಮಡಚಿಟ್ಟ ಹಾಳೆಯ ಗೆರೆಯನ್ನು ಎತ್ತಿ ತಂದು ನನ್ನ ಅವ್ವ ಮತ್ತು ದೊಡ್ಡವ್ವನ ನಡುವೆ ಮಲಗಿಸುವಾಗ ಎರಡು ಸಲ ತೆಗೆದು ಮತ್ತೆ ಇಟ್ಟೆ. ನಮ್ಮ ವಸ್ತುಗಳ ಮೇಲಿನ ಗಾಯಗಳು ಕೂಡ ನಮ್ಮವೇ ಅಲ್ಲವೇ, ಪರರದ್ದನ್ನು ತಂದು ಹೊಲಿದರೆ ಒಗ್ಗೀತೇ ಎಂದು ಅನ್ನಿಸಿತು. ಆದರೂ ನೆನಪಿದ್ದಷ್ಟು ಮಟ್ಟಿಗೆ ಎಲೆಯ ಕಲೆಯನ್ನು ಎಡಕ್ಕೆ, ಸುಣ್ಣದ ಮಚ್ಚೆಯನ್ನು ಕೆಳಕ್ಕೆ ಕೂರಿಸಿದೆ. ಖಾದರ್ ಸಾಬರು ಅಚ್ಚು ಹಾಕಿ, ಈ ಸಲ ನೀರು ತಾಗಿದರೂ ಏನೂ ಆಗಬಾರದೆಂದು ಗಟ್ಟಿಯಾಗಿ ಲ್ಯಾಮಿನೇಷನ್ ಮಾಡಿಕೊಟ್ಟರು. ಕಣ್ಣಿಗೆ ಅದೇ ಫೋಟೋ, ಅಣುಮಾತ್ರವೂ ವ್ಯತ್ಯಾಸವಿಲ್ಲ.

ಅವ್ವನ ಮುಖ ಅರಳಿತು. ಎರಡೂ ಕೈಯಲ್ಲಿ ಹಿಡಿದಳು, ಹೆಬ್ಬೆರಳಿನಿಂದ ಆ ಗೆರೆಯನ್ನು ಹುಡುಕಿದಳು, ಸವರಿದಳು. ಬೆರಳಿಗೆ ಗೆರೆ ಸಿಗಲಿಲ್ಲ, ನುಣುಪು ಸಿಕ್ಕಿತು. ಆಮೇಲೆ ಮಡಚಲು ನೋಡಿದಳು. ಪ್ಲಾಸ್ಟಿಕ್ಕು ಬಾಗಿ, ಟಪ್ಪೆಂದು ಮತ್ತೆ ನೆಟ್ಟಗಾಯಿತು. ಇನ್ನೊಮ್ಮೆ ಒತ್ತಿದಳು, ಇನ್ನೊಮ್ಮೆ ನೆಟ್ಟಗಾಯಿತು. "ಇದು ಮಡಚಾಕ ಬರಂಗಿಲ್ಲಲ್ಲ, ಯವ್ವಾ" ಎಂದಳು.

"ಯಾಕ ಮಡಚಬೇಕಬೇ? ಹಾಳಾಗತೈತಿ" ಎಂದೆ.

ಆಗ ಹೇಳಿದಳು, ಇಷ್ಟು ವರ್ಷ ನಾನು ಕೇಳದೇ ಇದ್ದುದನ್ನು. "ಅಕ್ಕನ ಲಗ್ನಕ್ಕ ಎಂಟು ದಿನ ಇತ್ತು. ಇಬ್ಬರೂ ಕೂಡಿ ಒಂದು ಫೋಟೋ ತೆಗಸ್ಕೊಳ್ರಿ ಅಂತ ಅಪ್ಪ ಕಳಿಸಿದ್ದ. ದಾರ್ಯಾಗ ಹಸರ ಗಾಜಿನ ಬಳಿ ಸಲುವಾಗಿ ಜಗಳಾಡಿದ್ವಿ. ಫೋಟೋದಾವ ಸರೀರಿ, ಸರೀರಿ ಅಂದ, ನಾವು ಸರೀಲಿಲ್ಲ. ಸಂಜೀಗೇ ಕೂಡಿದ್ವಿ, ಅಕಿನಽ ತನ್ನ ಬಳಿ ತೆಗದು ನನ್ನ ಕೈಗೆ ಏರಿಸಿದ್ಲು. ಆದ್ರ ಫೋಟೋದಾಗ ಸಿಟ್ಟು ಹಂಗಽ ಉಳೀತಲ್ಲ. ಅಕಿ ತೀರಿಹೋದ ಮ್ಯಾಲೆ ಒಂದಿನ ಮಡಚಿ ನೋಡಿದೆ. ಅಕಿ ಗಲ್ಲ ಬಂದು ನನ್ನ ಗಲ್ಲಕ್ಕ ಹತ್ತಿತು."

ನಾನು ಕಲೆಯೆಂದು ಅಳಿಸಿದ್ದು ಅದನ್ನು. ಅರವತ್ತು ವರ್ಷ ದಿನಕ್ಕೆ ಹತ್ತು ಸಲ ಎಲೆ ಹಾಕುವ ನೆವದಲ್ಲಿ ಸಂಚಿ ತೆರೆದು, ನೋಡಿ, ಮಡಚಿ, ಅಕ್ಕನೊಂದಿಗೆ ರಾಜಿಯಾಗುತ್ತಿದ್ದಳು ನನ್ನ ಅವ್ವ. ಆ ಗೆರೆಯ ಹೋಲಿಕೆಯನ್ನು ಯಾವ ಮೊಬೈಲಾದರೂ ಬಿಡಿಸೀತು, ಆದರೆ ಆ ರಾಜಿಯನ್ನು ಮಾಡುವವರು ಯಾರು? ನನಗೆ ನನ್ನ ಬುದ್ಧಿವಂತಿಕೆಯ ಬಗ್ಗೆ ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಅವ್ವನನ್ನೇ ಕರೆದುಕೊಂಡು ಸ್ಟುಡಿಯೋಕ್ಕೆ ಹೋದೆ. ಗೆರೆ ಬೇಡ, ಕಲೆ ಬೇಡ, ಲ್ಯಾಮಿನೇಷನ್ ಬೇಡ. ಶುಚಿಯಾದ ಚಿತ್ರವನ್ನೇ ತೆಳ್ಳನೆಯ ಕಾಗದದ ಮೇಲೆ ಹಾಕಿಕೊಡಿ ಎಂದೆ. ಕತೆ ಕೇಳಿದ ಖಾದರ್ ಸಾಬರು ಕಂಪ್ಯೂಟರಿನ ಪರದೆಯನ್ನು ಅವ್ವನತ್ತ ತಿರುಗಿಸಿ, "ಅವ್ವಾರ, ಹಂಗಾದ್ರ ಇಬ್ಬರನ್ನೂ ಹತ್ತಿರ ಸರಿಸಿಬಿಡ್ಲೇನ್ರಿ? ಒಂದು ನಿಮಿಷದ ಕೆಲಸ ಐತಿ" ಎಂದರು.

"ಬ್ಯಾಡ್ರಿ ಸಾಬ್ರ" ಎಂದಳು ಅವ್ವ. "ಅವತ್ತು ದೂರಽ ನಿಂತಿದ್ವಿ. ಅದು ಹಂಗಽ ಇರ್ಲಿ. ಕೂಡಸೂದು ನನ್ನ ಕೆಲಸ."

ಸ್ಟುಡಿಯೋದ ಮೆಟ್ಟಿಲ ಮೇಲೆ ಕುಳಿತು ಅವ್ವ ಫೋಟೋವನ್ನು ಮಡಚಿದಳು. ತುದಿಗೆ ತುದಿ ಹೊಂದಿಸಿ, ಉಗುರಿನಿಂದ ಮೇಲಿನಿಂದ ಕೆಳಗೆ ಒಮ್ಮೆ ಗೀರಿ, ಮೂರನೆಯ ಖಾನೆಗೆ ಇಳಿಸಿದಳು. ಆಮೇಲೆ, ಬರುವಾಗ ದಾರಿಯಲ್ಲಿ ತಾನೇ ಬೇಕೆಂದು ಕೊಂಡಿದ್ದ ಎಲೆಯ ತೊಟ್ಟು ಮುರಿದು, ಸುಣ್ಣ ಹಚ್ಚಿ, ಅಡಿಕೆಯಿಟ್ಟು ಬಾಯಿಗೆ ಹಾಕಿಕೊಂಡಳು. ತಡೆಯಲಾರದೆ ಫೋಟೋವನ್ನು ಮತ್ತೊಮ್ಮೆ ತೆಗೆದು ಬಿಡಿಸಿ ನೋಡಿದಳು. ಹೊಚ್ಚಹೊಸ ಕಾಗದದ ಮೇಲೆ, ದೊಡ್ಡವ್ವನ ಪರಕಾರದ ಅಂಚಿಗೆ, ಅವಳ ಹೆಬ್ಬೆರಳಿನ ಸುಣ್ಣ ಅಚ್ಚೊತ್ತಿತು. ಒರೆಸಲೆಂದು ಆಗಲೇ ಸೆರಗಿನ ತುದಿ ಹಿಡಿದು ಚಾಚಿದ್ದ ಕೈಯನ್ನು ನಾನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡೆ.